ಮಟನ್ ಸಾರಿನ ಮನೆಯಲ್ಲಿ ಕಾಳು-ಪಲ್ಯದ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಹಳೇ ಹುಬ್ಬಳ್ಳಿಯವರು. ಮನೆಯಲ್ಲಿ ಐದು ಮಂದಿ. ನಾನು, ಮನೆಯವರು, ಅತ್ತೆ, ಕಾಲೇಜಿಗೆ ಹೋಗುವ ಮಗ, ಎಂಟನೇ ತರಗತಿಯ ಮಗಳು. ಎಲ್ಲರೂ ಮಾಂಸ ತಿನ್ನುವವರು, ಈಗಲೂ ತಿನ್ನುತ್ತೇವೆ. ಮೂರು ವರ್ಷದ ಹಿಂದೆ ವಾರದಲ್ಲಿ ಐದು ದಿನ ಒಲೆಯ ಮೇಲೆ ಮಟನ್, ಚಿಕನ್ ಇಲ್ಲವೇ ಮೀನು ಇರುತ್ತಿತ್ತು. ಈಗ ಎರಡು ದಿನ ಇರುತ್ತದೆ. ಇದು ಗೊತ್ತಾದ ಓಣಿಯ ಹೆಣ್ಣುಮಕ್ಕಳು, ಸಂಘದ ಗೆಳತಿಯರು, ಗದಗ ಜಿಲ್ಲೆಯ ರೋಣದ ಕಡೆಯ ತವರಿನವರು ಎಲ್ಲ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ಹೇಳುವಾಗ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮಾಂಸ ಪೂರ್ತಿ ಬಿಡಬೇಕಾ?

ಬೇಡ. ನಾವೂ ಬಿಟ್ಟಿಲ್ಲ. ಭಾನುವಾರದ ಮಟನ್ ಸಾರು ನಮ್ಮ ಮನೆಯಲ್ಲಿ ಹಾಗೇ ಇದೆ.

ಮತ್ತೆ ಯಾಕೆ ಇಷ್ಟೆಲ್ಲ?

ನಮ್ಮಲ್ಲಿ ಶುರುವಾಗಿದ್ದು ಒಂದು ರಕ್ತದ ರಿಪೋರ್ಟಿನಿಂದ. ಮನೆಯವರಿಗೆ 48ನೇ ವಯಸ್ಸಿಗೆ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಡಾಕ್ಟರು ಮಾಂಸ ಬಿಡಿ ಅನ್ನಲಿಲ್ಲ. "ಕಾಳು, ತಪ್ಪಲ (ಸೊಪ್ಪಿನ) ಪಲ್ಯ ವಾರಕ್ಕೆ ಎಷ್ಟು ಸಲ ತಿಂತೀರಿ?" ಎಂದು ಕೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಮನೆಗೆ ಬಂದ ಮೇಲೆ ಯೋಚನೆ ಮಾಡಿದೆ. ಮಟನ್ ಮಾಡಿದ ದಿನ ನಾವು ಬೇರೆ ಪಲ್ಯ ಮಾಡುವುದೇ ಇಲ್ಲ. ಸಾರು, ರೊಟ್ಟಿ, ಅನ್ನ, ಮೇಲೆ ಎರಡು ಹೋಳು ಉಳ್ಳಾಗಡ್ಡಿ. ಮುಗೀತು. ಅಂದರೆ ವಾರದಲ್ಲಿ ಐದು ದಿನ ಮಾಂಸ ಇದ್ದರೆ, ಐದು ದಿನ ಕಾಳು ಇಲ್ಲ, ತಪ್ಪಲು ಇಲ್ಲ, ನಾರಿನಂಶ ಇಲ್ಲ. ಮಟನ್ನಿನ ಕೊಬ್ಬು ಒಂದು ಕಡೆಯಾದರೆ, ಅದು ಬಂದ ದಿನ ತಟ್ಟೆಯಿಂದ ಜಾಗ ಬಿಟ್ಟು ಹೋಗುವ ಕಾಳು-ಪಲ್ಯ ಇನ್ನೊಂದು ಕಡೆ. ಈ ಎರಡನೆಯದು ಯಾರ ಲೆಕ್ಕಕ್ಕೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತದೆ ಎಂದು ಹೇಳಿತು. ಕುರಿ, ದನ, ಹಂದಿ ಮಾಂಸವನ್ನು "ಬಹುಶಃ ತರಬಹುದು" ಎಂಬ ಪಟ್ಟಿಯಲ್ಲಿ ಇಟ್ಟಿತು. ಇದನ್ನು ಓದಿ ಹೆದರಬೇಕಿಲ್ಲ. ಆದರೆ ದಿನಾ ತಿನ್ನುವವರು ಒಂದು ಸಲ ಯೋಚಿಸುವುದು ಒಳ್ಳೆಯದು.

ಇನ್ನೊಂದು ಮಾತು ಬಿಡಿಸಿ ಹೇಳಬೇಕು. ಇದು ಮಡಿ-ಮೈಲಿಗೆಯ ಲೆಕ್ಕ ಅಲ್ಲ. ಮಾಂಸ ತಿನ್ನುವವರು ಕೀಳು, ತಿನ್ನದವರು ಮೇಲು ಎಂಬ ಮಾತನ್ನು ನಮ್ಮ ಹಿರಿಯರು ಸಾಕಷ್ಟು ಕೇಳಿಸಿಕೊಂಡಿದ್ದಾರೆ. ಆ ಮಾತಿಗೆ ಈ ಮನೆಯಲ್ಲಿ ಜಾಗ ಇಲ್ಲ. ತಿಂಗಳಿಗೆ ಒಂದೆರಡು ಸಲ ಮಾತ್ರ ಮಾಂಸ, ತತ್ತಿ ಕಾಣುವ ಮನೆಗಳಿಗೆ ಅದು ದೊಡ್ಡ ಆಸರೆ. ಅಂಥವರು ಕಡಿಮೆ ಮಾಡಬೇಕಾದ್ದು ಏನೂ ಇಲ್ಲ. ನಾನು ಬರೆಯುತ್ತಿರುವುದು ನಮ್ಮ ಹಾಗೆ ವಾರದಲ್ಲಿ ನಾಲ್ಕೈದು ದಿನ ತಿನ್ನುವವರಿಗೆ.

ಎಲ್ಲಿಂದ ಶುರು ಮಾಡಬೇಕು?

ನಾನು ಮೊದಲ ಸಲ ತಪ್ಪು ಮಾಡಿದೆ. ಶ್ರಾವಣದಲ್ಲಿ ಹೇಗೂ ಒಂದು ತಿಂಗಳು ಮಾಂಸ ಇರುವುದಿಲ್ಲ, ಮುಗಿದ ಮೇಲೂ ಹಾಗೇ ನಡೆಸೋಣ ಎಂದು ಹೊರಟೆ. ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಮಗ ರಾತ್ರಿ ಊಟಕ್ಕೆ ಕೂತು ಅರ್ಧ ರೊಟ್ಟಿ ಮುರಿದು ಎದ್ದುಬಿಡುತ್ತಿದ್ದ. ಎಗ್ ರೈಸ್ ಗಾಡಿಯಲ್ಲಿ ತಿಂದು ಬರುತ್ತಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಮನೆಯವರು ಧಾರವಾಡದಿಂದ ಬರುವಾಗ ಚಿಗರಿ ಬಸ್ ಇಳಿದು ಹೊರಗೇ ಊಟ ಮುಗಿಸುತ್ತಿದ್ದರು. ಮನೆಯಲ್ಲಿ ಕಡಿಮೆ ಆಯಿತು, ಹೊರಗೆ ಜಾಸ್ತಿ ಆಯಿತು. ಹೊರಗಿನ ಎಣ್ಣೆಗೆ ಮನೆಯ ಮಟನ್ನೇ ಎಷ್ಟೋ ವಾಸಿ. ಮೂರನೇ ವಾರಕ್ಕೆ ನಿಲ್ಲಿಸಿದೆ.

ಎರಡನೇ ಸಲ ಏನನ್ನೂ ಬದಲು ಮಾಡದೆ ಎರಡು ವಾರ ಸುಮ್ನೆ ಲೆಕ್ಕ ಇಟ್ಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಂಸ ಮಾಡಿದ ದಿನಕ್ಕೆ ಒಂದು ಕೆಂಪು ಚುಕ್ಕೆ. ನೀವೂ ಇಷ್ಟನ್ನು ಮೊದಲು ಮಾಡಿ. ನಮ್ಮ ಚುಕ್ಕೆಗಳನ್ನು ನೋಡಿದಾಗ ಒಂದು ವಿಷಯ ಕಂಡಿತು. ಭಾನುವಾರದ ಮಟನ್ ಎಲ್ಲರೂ ಕಾದು ಕೂತು ತಿನ್ನುವ ಊಟ. ಆದರೆ ಬುಧವಾರ, ಶುಕ್ರವಾರ ರಾತ್ರಿಯ ಚಿಕನ್ ಯಾರಿಗೂ ಅಷ್ಟು ಬೇಕಾಗಿರಲಿಲ್ಲ. ಸಂಜೆ ಏಳಕ್ಕೆ ಏನು ಮಾಡಲಿ ಎಂದು ತಿಳಿಯದೆ ಅರ್ಧ ಕಿಲೋ ತರಿಸಿ ಮಾಡಿದ ಊಟ ಅದು.

ಅಲ್ಲಿಂದ ಶುರು ಮಾಡಿ. ಪ್ರೀತಿಯ ಊಟಕ್ಕೆ ಕೈ ಹಾಕಬೇಡಿ, ಅವಸರದ ಊಟವನ್ನು ಬದಲಿಸಿ. ಅದೂ ಒಂದು ಇಡೀ ದಿನ ಅಲ್ಲ, ಒಂದು ಹೊತ್ತು. ನಾವು ಬುಧವಾರ ರಾತ್ರಿ ಹಿಡಿದುಕೊಂಡೆವು. ಒಂದೂವರೆ ತಿಂಗಳು ಬರೀ ಅದೊಂದೇ. ಅದು ರೂಢಿಯಾದ ಮೇಲೆ ಶುಕ್ರವಾರ. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಐದು ತಿಂಗಳು ಕಳೆದಿತ್ತು. ನಿಧಾನ ಆಯಿತು, ಆದರೆ ಗಾಡಿಗೆ ಹೋಗಿ ತಿನ್ನುವುದು ನಿಂತಿತು.

ಸೋಮವಾರ ಹೇಗೂ ನಾವು ತಿನ್ನಲ್ಲ. ಅದನ್ನೇ ಲೆಕ್ಕಕ್ಕೆ ಹಿಡಿಯಬಹುದಾ?

ಹಿಡಿಯಿರಿ, ಅದು ನಿಮ್ಮ ಬಂಡವಾಳ. ಅಮೆರಿಕದಲ್ಲಿ 1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಸೈನ್ಯಕ್ಕೆ ಆಹಾರ ಉಳಿಯಲಿ ಎಂದು ವಾರದಲ್ಲಿ ಒಂದು ದಿನ ಮಾಂಸ ಬಿಡಲು ಸರ್ಕಾರ ಜನರನ್ನು ಕೇಳಿತ್ತು. 2003ರಲ್ಲಿ ಅಲ್ಲೇ ಆರೋಗ್ಯದ ಸಲುವಾಗಿ "ಮಾಂಸವಿಲ್ಲದ ಸೋಮವಾರ" ಎಂದು ಮತ್ತೆ ಶುರು ಮಾಡಿದರು. ನಮ್ಮಲ್ಲಿ ಅದನ್ನು ಯಾರೂ ಶುರು ಮಾಡಬೇಕಿಲ್ಲ. ಸೋಮವಾರ ಒಬ್ಬರಿಗೆ, ಹನುಮಪ್ಪನ ಶನಿವಾರ ಇನ್ನೊಬ್ಬರಿಗೆ, ಎಲ್ಲಮ್ಮನ ನಡಕೊಳ್ಳುವವರಿಗೆ ಮಂಗಳವಾರ ಇಲ್ಲವೇ ಶುಕ್ರವಾರ.

ಒಂದೇ ತೊಂದರೆ ಇದೆ. ಆ ದಿನಗಳಲ್ಲಿ ನಾವು ಏನೋ ಒಂದು ಮಾಡಿ ಮುಗಿಸುತ್ತೇವೆ. ಅನ್ನ, ತಿಳಿ ಸಾರು, ಉಪ್ಪಿನಕಾಯಿ. ಮಕ್ಕಳ ಮನಸ್ಸಿನಲ್ಲಿ "ಮಾಂಸ ಇಲ್ಲದ ದಿನ ಅಂದರೆ ಸಪ್ಪೆ ದಿನ" ಎಂದು ಕೂತುಬಿಡುತ್ತದೆ. ಹೊಸ ದಿನ ಸೇರಿಸುವ ಮೊದಲು ಇರುವ ಸೋಮವಾರವನ್ನು ರುಚಿ ಮಾಡಿ. ನಮ್ಮಲ್ಲಿ ಸೋಮವಾರ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಕೆನೆಮೊಸರು ಎಂದು ಗಟ್ಟಿ ಮಾಡಿದೆ. ಈಗ ಮಗಳು ಸೋಮವಾರವನ್ನು ಕೇಳಿ ತಿನ್ನುತ್ತಾಳೆ.

ಮಾಂಸದ ಊಟ ಮಾಡಿದ ತೃಪ್ತಿ ಬರಲ್ಲ ಅಂತಾರೆ. ಏನು ಮಾಡಬೇಕು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ಒಂದು ಮರುಪ್ರಶ್ನೆ ಕೇಳುತ್ತೇನೆ. ಮಟನ್ನಿಗೆ ನೀವು ಎಷ್ಟು ಹೊತ್ತು ಮಸಾಲೆ ಹುರಿಯುತ್ತೀರಿ? ಮುಕ್ಕಾಲು ಗಂಟೆ. ಕಾಳಿಗೆ? ಸಾಸಿವೆ, ಜೀರಿಗೆ ಒಗ್ಗರಣೆ, ಚಿಟಿಕೆ ಅರಿಶಿನ, ಖಾರಪುಡಿ, ಐದು ನಿಮಿಷ. ಆಮೇಲೆ ಕಾಳಿಗೆ ರುಚಿ ಇಲ್ಲ ಅಂತೀವಿ. ಕಾಳಿಗೂ ಮಟನ್ನಿನಷ್ಟೇ ಮರ್ಯಾದೆ ಕೊಟ್ಟು ನೋಡಿ.

ನಮ್ಮ ಬುಧವಾರದ ಮಡಕಿ ಕಾಳಿನ ಸಾರು ಹೀಗೆ. ಐದು ಮಂದಿಗೆ 300 ಗ್ರಾಂ ಒಣ ಮಡಕಿ ಕಾಳು, ಮೊಳಕೆ ಬಂದದ್ದು. ಒಂದು ದೊಡ್ಡ ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಒಲೆಯ ಉರಿ ಮೇಲೆ ಕಪ್ಪಾಗುವ ತನಕ ಸುಡಿ. ಇನ್ನೊಂದನ್ನು ಉದ್ದಕ್ಕೆ ಹೆಚ್ಚಿ ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಅರ್ಧ ಬಟ್ಟಲು ಒಣ ಕೊಬ್ಬರಿ, ಒಂದೂವರೆ ಚಮಚ ಹವೀಜ (ಕೊತ್ತಂಬರಿ ಬೀಜ), ಒಂದು ಚಮಚ ಗಸಗಸೆ, ಚಕ್ಕೆ, ಲವಂಗ, ಸ್ವಲ್ಪ ಕಲ್ಲುಹೂವು, ಆರೇಳು ಬ್ಯಾಡಗಿ ಮೆಣಸಿನಕಾಯಿ, ಎಲ್ಲವನ್ನೂ ಬೇರೆ ಬೇರೆ ಹುರಿಯಬೇಕು. ಒಂದು ಗಡ್ಡೆ ಬಳ್ಳೊಳ್ಳಿ, ಹೆಬ್ಬೆರಳಷ್ಟು ಶುಂಠಿ ಸೇರಿಸಿ ನುಣ್ಣಗೆ ರುಬ್ಬಿ. ಬೋಗುಣಿಯಲ್ಲಿ ಎಣ್ಣೆ ಕಾಯಿಸಿ ಆ ಮಸಾಲೆಯನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಮೊದಲು ಹಸಿ ವಾಸನೆ ಬರುತ್ತದೆ. ಆಮೇಲೆ ಮಸಾಲೆ ತಳ ಬಿಟ್ಟು ಒಟ್ಟಾಗುತ್ತದೆ. ಕೊನೆಗೆ ಅಂಚಿನಲ್ಲಿ ಕೆಂಪು ಎಣ್ಣೆ ಒಸರುತ್ತದೆ. ಅಲ್ಲಿಯವರೆಗೆ ಕಾಳು ಹಾಕಬೇಡಿ. ಎಣ್ಣೆ ಬಿಟ್ಟ ಮೇಲೆ ಕಾಳು, ಉಪ್ಪು, ಬಿಸಿನೀರು. ಮೊಳಕೆ ಮಡಕಿ ಹತ್ತು-ಹನ್ನೆರಡು ನಿಮಿಷದಲ್ಲಿ ಬೇಯುತ್ತದೆ. ಕುಕ್ಕರ್ ಬೇಡ, ಕರಗಿಹೋಗುತ್ತದೆ. ಇಳಿಸಿ ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಬಡಿಸಿ.

ಬ್ಯಾಡಗಿ ಮೆಣಸಿನಕಾಯಿಯನ್ನೇ ಹಾಕಿ ಎನ್ನುವುದಕ್ಕೆ ಕಾರಣ ಇದೆ. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೇ ಅದರ ಗಾಢ ಬಣ್ಣ, ಕಡಿಮೆ ಖಾರದ ಹೆಸರಿನ ಮೇಲೆ. ಕಾಯಿ ಜಾಸ್ತಿ ಹಾಕಬಹುದು, ಬಾಯಿ ಉರಿಯುವುದಿಲ್ಲ, ಸಾರಿಗೆ ಭಾನುವಾರದ ಬಣ್ಣ ಬರುತ್ತದೆ. ಮೊದಲ ಬುಧವಾರ ಮಗ ಮುಚ್ಚಳ ತೆಗೆದು ನೋಡಿ, "ಮಟನ್ನಾ ಅವ್ವಾ?" ಎಂದ. ಕಾಳು ಎಂದೆ. ಮುಖ ಸಣ್ಣದಾಯಿತು. ಆದರೂ ಮೂರು ರೊಟ್ಟಿ ತಿಂದ.

ಇದೇ ಮಸಾಲೆ ಅಲಸಂದಿಗೆ, ಹಸಿ ಅವರಿಕಾಳಿಗೆ, ಅಣಬೆಗೆ ನಡೆಯುತ್ತದೆ. ಬೇಸಿಗೆಯಲ್ಲಿ ಶಿರಸಿ, ಯಲ್ಲಾಪುರದ ಕಡೆಯಿಂದ ಎಳೆ ಹಲಸು ಮಾರ್ಕೆಟ್ಟಿಗೆ ಬರುತ್ತದೆ. ಅದಕ್ಕಂತೂ ಹೇಳಿ ಮಾಡಿಸಿದ ಹಾಗೆ. ಕೈಗೆ, ಚಾಕುವಿಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ.

ಮೊಳಕೆ ಸರಿಯಾಗಿ ಬರುವುದಿಲ್ಲ, ವಾಸನೆ ಬರುತ್ತದೆ.

ನೀರು ಉಳಿದರೆ ವಾಸನೆ ಬರುತ್ತದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡು ಸಲ ತೊಳೆದು, ಜರಡಿಯಲ್ಲಿ ಹತ್ತು ನಿಮಿಷ ಬಿಡಿ. ಆಮೇಲೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಕಟ್ಟಿ. ಹಳೇ ಧೋತರದ ತುಂಡು ಚಲೋ. ಏಪ್ರಿಲ್‌ನಲ್ಲಿ ಅದೇ ದಿನ ರಾತ್ರಿಗೆ ಮೊಳಕೆ ಬಂದಿರುತ್ತದೆ. ಡಿಸೆಂಬರ್‌ನ ಥಂಡಿಯಲ್ಲಿ ಒಂದೂವರೆ ದಿನ ಬೇಕು. ಗಂಟನ್ನು ಹಿಟ್ಟಿನ ಡಬ್ಬಿಯೊಳಗೆ ಅಲ್ಲ, ಒಲೆಯ ಹತ್ತಿರ ಮುಚ್ಚಿದ ಪಾತ್ರೆಯಲ್ಲಿ ಇಡಿ. ಚೆನ್ನಾಗಿ ಬಂದಾಗ ಮೊಳಕೆ ಬಟ್ಟೆಯ ಎಳೆಗಳೊಳಗೆ ತೂರಿ ಹೊರಗೆ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಬಿಚ್ಚುವಾಗ ಮೆಲ್ಲಗೆ ಬಿಚ್ಚಬೇಕು, ಇಲ್ಲದಿದ್ದರೆ ತುದಿ ಕಿತ್ತು ಬಟ್ಟೆಯಲ್ಲೇ ಉಳಿಯುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡಬೇಡಿ. ಬೆಚ್ಚಗೆ, ತೇವದಲ್ಲಿ ಇಟ್ಟದ್ದರಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ. ಬೇಯಿಸಿಯೇ ಕೊಡಿ.

ಕಾಳು ತಿಂದರೆ ಹೊಟ್ಟೆ ಉಬ್ಬುತ್ತದೆ.

ಒಮ್ಮೆಲೇ ಜಾಸ್ತಿ ತಿಂದರೆ ಹೌದು. ಕಾಳಿನಲ್ಲಿರುವ ಒಂದು ಬಗೆಯ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಅರಗುವುದಿಲ್ಲ. ದೊಡ್ಡ ಕರುಳಿಗೆ ಹೋಗಿ ಅಲ್ಲಿ ಗ್ಯಾಸ್ ಆಗುತ್ತದೆ. ನೆನೆಸಿದ ನೀರನ್ನು ಚೆಲ್ಲಿದರೆ ಅದು ಸ್ವಲ್ಪ ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನೂ ಸ್ವಲ್ಪ. ಹೆಸರುಕಾಳಿನಿಂದ ಶುರು ಮಾಡಿ, ಅದು ಹಗುರ. ಕಡಲೆ, ಹುರುಳಿ ಆಮೇಲೆ ಬರಲಿ. ಇಂಗು, ಅಜವಾನ, ಶುಂಠಿ ಹಾಕುವ ಪದ್ಧತಿ ಹಿರಿಯರು ಸುಮ್ನೆ ಮಾಡಿದ್ದಲ್ಲ. ನಮ್ಮ ಅತ್ತೆಗೆ ಮೊದಲ ಮೂರ್ನಾಲ್ಕು ವಾರ ತ್ರಾಸು ಆಯಿತು, ಆಮೇಲೆ ರೂಢಿಯಾಯಿತು.

ಪ್ರೋಟೀನ್ ಸಾಕಾಗುತ್ತದಾ?

ಇದಕ್ಕೆ ಲೆಕ್ಕ ಹಾಕಿಯೇ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ ಸುಮಾರು 50 ಗ್ರಾಂ.

ಈಗ ಮಾಂಸವಿಲ್ಲದ ಒಂದು ದಿನದ ಊಟ ನೋಡಿ. ಮೂರು ಜೋಳದ ರೊಟ್ಟಿಗೆ ಸುಮಾರು 150 ಗ್ರಾಂ ಹಿಟ್ಟು, ಅದರಲ್ಲಿ 15 ಗ್ರಾಂ ಪ್ರೋಟೀನ್. 60 ಗ್ರಾಂ ಒಣ ಕಾಳಿನಲ್ಲಿ 14. ಸಾರಿಗೆ ಹಾಕಿದ ಹಿಡಿ ತೊಗರಿಬೇಳೆಯಲ್ಲಿ 6. ಎರಡು ಚಮಚ ಶೇಂಗಾ ಚಟ್ನಿಯಲ್ಲಿ 5. ಒಂದು ಬಟ್ಟಲು ಮೊಸರು, ಒಂದು ಲೋಟ ಹಾಲು ಸೇರಿ 12. ಒಟ್ಟು 52. ಬೆಳಗಿನ ತಿಂಡಿ, ಅನ್ನ ಇದರಲ್ಲಿ ಸೇರಿಲ್ಲ. ಕಾಳಿನ ಪ್ರೋಟೀನ್ ಮಾಂಸದಷ್ಟು ಪೂರ್ತಿ ಅರಗುವುದಿಲ್ಲ ಎಂಬುದು ನಿಜ. ಅದಕ್ಕೆ ಆ ತಿಂಡಿ-ಅನ್ನದ ಪಾಲು ಇದೆಯಲ್ಲ.

ಇನ್ನೊಂದು ಲೆಕ್ಕ ನನಗೇ ಆಶ್ಚರ್ಯ ತಂದಿತು. ಐದು ಮಂದಿಗೆ ಅರ್ಧ ಕಿಲೋ ಮಟನ್ ತರುತ್ತೇವೆ. ಎಲುಬು ಕಳೆದರೆ ಮಾಂಸ ಸುಮಾರು 350 ಗ್ರಾಂ. 100 ಗ್ರಾಮಿಗೆ 20ರಂತೆ ಒಟ್ಟು 70 ಗ್ರಾಂ ಪ್ರೋಟೀನ್. ತಲೆಗೆ 14. ಅಂದರೆ 60 ಗ್ರಾಂ ಕಾಳಿನಷ್ಟೇ. ಅದೂ ಸರಿಯಾಗಿ ಹಂಚಿದರೆ! ನಮ್ಮ ಮನೆಗಳಲ್ಲಿ ದೊಡ್ಡ ತುಂಡು ಯಾರ ತಟ್ಟೆಗೆ ಹೋಗುತ್ತದೆ, ಕೊನೆಗೆ ಬರೀ ಸಾರು ಯಾರಿಗೆ ಉಳಿಯುತ್ತದೆ ಎಂದು ಹೆಣ್ಣುಮಕ್ಕಳಿಗೆ ನಾನು ಹೇಳಬೇಕಿಲ್ಲ. ಕಾಳಿನ ಸಾರಿನಲ್ಲಿ ಸೌಟು ಎಲ್ಲರಿಗೂ ಒಂದೇ. ಇದು ನನಗೆ ಬಹಳ ದೊಡ್ಡ ವಿಷಯ.

ರೊಟ್ಟಿ ಜೊತೆ ಕಾಳು ಎಂಬುದಕ್ಕೂ ಅರ್ಥ ಇದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಜಾಸ್ತಿ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಜೋಳದಲ್ಲಿ ಸಿಗುತ್ತದೆ. ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ರಕ್ತ ಕಡಿಮೆ ಆಗುತ್ತದಾ? ಬಿ12 ಬಗ್ಗೆ ಏನು?

ಇಲ್ಲಿ ಹುಷಾರಾಗಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮಾಂಸದ ಕಬ್ಬಿಣ ಮೈಗೆ ಬೇಗ ಹಿಡಿಯುತ್ತದೆ, ತಪ್ಪಲು-ಕಾಳಿನದು ಅಷ್ಟು ಬೇಗ ಹಿಡಿಯುವುದಿಲ್ಲ. ಅದಕ್ಕೆ ಎರಡು ಕೆಲಸ ಮಾಡಿ. ಪಲ್ಯದ ಮೇಲೆ ನಿಂಬೆ ಹಿಂಡಿ, ಹುಳಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟ ಆದ ತಕ್ಷಣ ಚಹಾ ಕುಡಿಯಬೇಡಿ, ಒಂದು ಗಂಟೆ ಬಿಡಿ. ನಮ್ಮ ಕಡೆ ಈ ಎರಡನೆಯದೇ ಕಷ್ಟ, ಅಲ್ವಾ? ಸಜ್ಜೆ ರೊಟ್ಟಿಯಲ್ಲಿ ಕಬ್ಬಿಣ ಚೆನ್ನಾಗಿರುತ್ತದೆ, ಚಳಿಗಾಲದಲ್ಲಿ ವಾರಕ್ಕೆರಡು ಸಲ ಮಾಡಿ.

ಬಿ12 ಮಾತ್ರ ಕಾಳಿನಲ್ಲೂ ಇಲ್ಲ, ತಪ್ಪಲಿನಲ್ಲೂ ಇಲ್ಲ. ಮಾಂಸ, ಮೀನು, ತತ್ತಿ, ಹಾಲು, ಮೊಸರಿನಿಂದಲೇ ಬರಬೇಕು. ವಾರಕ್ಕೆ ಎರಡು ದಿನ ಮಾಂಸ, ನಡುವೆ ತತ್ತಿ, ದಿನಾ ಹಾಲು-ಮೊಸರು ಇರುವ ಮನೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಲ್ಲ ಬಿಟ್ಟವರು, ಕೈಕಾಲು ಜೋಮು ಹಿಡಿಯುವವರು, ಕಾರಣ ಇಲ್ಲದೆ ಸುಸ್ತಾಗುವವರು ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಹೇಳಿದರೆ ಗುಳಿಗೆ ತೆಗೆದುಕೊಳ್ಳಿ, ಸಂಕೋಚ ಬೇಡ.

ತತ್ತಿ, ಮೀನು ಲೆಕ್ಕಕ್ಕೆ ಬರುತ್ತಾ?

ನಿಮ್ಮ ಮನೆ, ನಿಮ್ಮ ಲೆಕ್ಕ. ನಾವು ಮೀನನ್ನು ಮಾಂಸದ ಚುಕ್ಕೆಗೆ ಸೇರಿಸಿದ್ದೇವೆ, ತತ್ತಿಯನ್ನು ಸೇರಿಸಿಲ್ಲ. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಬಿ12 ಇದೆ, ಬೇಯಿಸಲು ಹತ್ತು ನಿಮಿಷ. ಶುರುವಿನಲ್ಲಿ ಇದು ದೊಡ್ಡ ಊರುಗೋಲು.

ಬೆಳೆಯುವ ಮಕ್ಕಳಿಗೆ ಕಡಿಮೆ ಮಾಡಬಹುದಾ?

ಮಕ್ಕಳ ತಟ್ಟೆಯಿಂದ ತೆಗೆಯುವ ಮೊದಲು ಬೇರೆಯದನ್ನು ಸೇರಿಸಿ. ಇದೊಂದನ್ನು ಮರೆಯಬೇಡಿ. ಮಗಳ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟದ ಜೊತೆ ತತ್ತಿ ಕೊಡುತ್ತಾರೆ. ರಾಜ್ಯದಲ್ಲಿ ಅದನ್ನು 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಏರಿಸಿದರು, ತಿನ್ನದವರಿಗೆ ಬಾಳೆಹಣ್ಣು. ಹಾಗಾಗಿ ಅವಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಎರಡು ವರ್ಷದೊಳಗಿನ ಕೂಸುಗಳ ಊಟವನ್ನು ಮಾತ್ರ ನಿಮ್ಮಷ್ಟಕ್ಕೆ ಬದಲಿಸಬೇಡಿ.

ಮನೆಯವರು, ಅತ್ತೆ-ಮಾವ ಒಪ್ಪದಿದ್ದರೆ?

ನಮ್ಮ ಅತ್ತೆ ಮೊದಲ ವಾರ ತಟ್ಟೆ ನೋಡಿ, "ಏನವ್ವಾ, ಮನ್ಯಾಗ ರೊಕ್ಕ ಮುಗದಾವೇನ?" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ನೋವು ಇತ್ತು. ಅವರು ಸಣ್ಣವರಿದ್ದಾಗ ಮಾಂಸ ಕಂಡದ್ದು ಜಾತ್ರೆಗೆ, ಹಬ್ಬದ ಕರಿ ದಿನಕ್ಕೆ. ಮಗ ದುಡಿಯಲು ಶುರು ಮಾಡಿದ ಮೇಲೆ ವಾರ ವಾರ ಬಂತು. ಅವರಿಗೆ ಮಟನ್ ಅಂದರೆ ಮನೆ ನಡೆಯುತ್ತಿದೆ ಎಂಬ ಗುರುತು. ಅದನ್ನು ಕಡಿಮೆ ಮಾಡಿದರೆ ಬಡತನ ವಾಪಸ್ ಬಂದ ಹಾಗೆ. ನಾನು ಪ್ರೋಟೀನ್ ಲೆಕ್ಕ ಹೇಳಿದ್ದರೆ ಅವರಿಗೆ ತಟ್ಟುತ್ತಿರಲಿಲ್ಲ.

ಅದಕ್ಕೆ ಅವರ ಕೈಗೇ ಕೊಟ್ಟೆ. "ಅತ್ತಿ, ನಿಮ್ಮವ್ವ ಮಾಡ್ತಿದ್ದ ಪುಂಡಿ ಪಲ್ಯ ನನಗ ಬರೂದಿಲ್ಲ, ಒಂದ್ ಸಲ ತೋರಸ್ರಿ" ಎಂದೆ. ನಿಜವಾಗಿಯೂ ನನಗೆ ಬರುತ್ತಿರಲಿಲ್ಲ. ಅವರು ಕಾಲು ಚಾಚಿ ಕೂತು ಪುಂಡಿ ಸೊಪ್ಪನ್ನು ಎಲೆ ಎಲೆ ಬಿಡಿಸಿದರು. ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ಕುದಿಸಿ, ಕಟಗೋಲಿನಿಂದ ಮಸೆದರು. ಮಸೆಯುತ್ತಾ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು (ಭೂತಾಯಿಗೆ ನೈವೇದ್ಯ ಎರಚಲು) ಹೋಗುತ್ತಿದ್ದ ಕಥೆ ಹೇಳಿದರು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಕಡುಬು, ಮೊಸರನ್ನ. ಬನ್ನಿ ಗಿಡದ ಕೆಳಗೆ ಎಲ್ಲರೂ ಕೂತು ಉಂಡಿದ್ದು. ಆ ಊಟದಲ್ಲಿ ಮಾಂಸ ಇರಲಿಲ್ಲ, ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಅದನ್ನು ಅವರೇ ಹೇಳಿದರು, ನಾನು ಹೇಳಿಸಲಿಲ್ಲ.

ಮನೆಯವರಿಗೆ ಒಂದು ಮಾತು ಕೊಟ್ಟೆ, ಭಾನುವಾರದ ಮಟನ್ ಮುಟ್ಟುವುದಿಲ್ಲ ಎಂದು. ಅಷ್ಟಕ್ಕೆ ಅವರು ಬುಧವಾರ ಬಿಟ್ಟುಕೊಟ್ಟರು. ಮಗನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಆ ವಯಸ್ಸಿನವರಿಗೆ ರುಚಿಯೇ ಉತ್ತರ.

ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಮಾಡಲು ಹೊತ್ತೆಲ್ಲಿದೆ?

ಎರಡು ಅಡುಗೆ ಖಂಡಿತ ಮಾಡಬೇಡಿ. ಒಂದು ತಿಂಗಳಲ್ಲಿ ನಿಮಗೇ ಸಾಕಾಗಿ ಬಿಟ್ಟುಬಿಡುತ್ತೀರಿ. ಒಂದೇ ಅಡುಗೆ ಮಾಡಿ. ಬೇಕಾದವರು ತತ್ತಿ ಬೇಯಿಸಿಕೊಳ್ಳಲಿ. ನಮ್ಮ ಮಗ ಈಗ ತಾನೇ ಬೇಯಿಸಿಕೊಳ್ಳುತ್ತಾನೆ, ಅದೂ ಒಂದು ಲಾಭ.

ಹೊತ್ತಿಲ್ಲದ ದಿನಕ್ಕೆ ಝುಣಕ ಇದೆ. ಕಡಲೆ ಹಿಟ್ಟು, ಉಳ್ಳಾಗಡ್ಡಿ, ಒಗ್ಗರಣೆ, ಹದಿನೈದು ನಿಮಿಷ. ಕಟಕ ರೊಟ್ಟಿ ಒಂದು ಕಟ್ಟು ಮನೆಯಲ್ಲಿರಲಿ. ಹುಬ್ಬಳ್ಳಿ-ಧಾರವಾಡದಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಓಣಿಗೊಬ್ಬರು ಸಿಗುತ್ತಾರೆ. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಯನ್ನು ತಿಂಗಳಿಗೊಮ್ಮೆ ಕುಟ್ಟಿಟ್ಟರೆ ಸಂಜೆ ಏಳರ ಗಾಬರಿ ಅರ್ಧ ಕಡಿಮೆ. ಮೇಲೆ ಹೇಳಿದ ಮಸಾಲೆಯನ್ನೂ ಭಾನುವಾರ ಮಟನ್ನಿಗೆ ರುಬ್ಬುವಾಗ ಎರಡು ಪಟ್ಟು ರುಬ್ಬಿ, ಹುರಿದು, ಫ್ರಿಜ್ಜಿನಲ್ಲಿಡಿ. ಬುಧವಾರದ ತನಕ ಕೆಡುವುದಿಲ್ಲ.

ಪನೀರ್, ಸೋಯಾ ಚಂಕ್ಸ್ ಹೇಗೆ?

ಪನೀರ್ ತಿಂಗಳಿಗೆ ಒಂದೆರಡು ಸಲ ಮಾಡುತ್ತೇವೆ. ಮಟನ್ನಿನ ಕೊಬ್ಬು ಬಿಟ್ಟು ಪನೀರಿನ ಕೊಬ್ಬು ಹಿಡಿದರೆ ನಮ್ಮ ಮನೆಯವರ ರಿಪೋರ್ಟಿಗೆ ಏನೂ ಲಾಭ ಇಲ್ಲ. ಸೋಯಾ ಚಂಕ್ಸ್ ಅಗ್ಗ, 100 ಗ್ರಾಮಿನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್. ಮೊದಲ ಸಲ ನಾನು ಒಣಗಿದ್ದನ್ನೇ ಸಾರಿಗೆ ಹಾಕಿದೆ, ವಾಸನೆಗೆ ಯಾರೂ ತಿನ್ನಲಿಲ್ಲ. ಕುದಿಯುವ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು, ತಣ್ಣೀರಿನಲ್ಲಿ ಎರಡು ಸಲ ತೊಳೆದು, ಗಟ್ಟಿಯಾಗಿ ಹಿಂಡಬೇಕು. ಸಣ್ಣಗೆ ಕತ್ತರಿಸಿ ಖೀಮಾ ಥರ ಮಾಡಿದರೆ ಮಕ್ಕಳು ಇಷ್ಟಪಡುತ್ತಾರೆ.

ಖರ್ಚು ಕಡಿಮೆ ಆಗುತ್ತಾ?

ಆಗುತ್ತದೆ. ಎಷ್ಟು ಎಂದು ನಾನು ಹೇಳುವುದಕ್ಕಿಂತ ನೀವೇ ನೋಡಿ. ನಿಮ್ಮ ಅಂಗಡಿಯ ಅರ್ಧ ಕಿಲೋ ಮಟನ್ ರೇಟನ್ನೂ 300 ಗ್ರಾಂ ಕಾಳಿನ ರೇಟನ್ನೂ ಪಕ್ಕಪಕ್ಕ ಬರೆಯಿರಿ. ಹೆಸರು ನಮ್ಮ ಗದಗ ಜಿಲ್ಲೆಯ ಮುಂಗಾರಿನ ಬೆಳೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ಕಾಳು ಬಂದಾಗ ವರ್ಷಕ್ಕೆ ಬೇಕಾದಷ್ಟು ಕೊಂಡು ಒಣಗಿಸಿಟ್ಟುಕೊಳ್ಳಿ. ನನ್ನ ತವರಿನಲ್ಲಿ ಬೇವಿನ ಎಲೆ ಹಾಕಿ ಇಡುತ್ತಾರೆ. ಆದರೆ ಉಳಿದ ರೊಕ್ಕವನ್ನೆಲ್ಲ ಉಳಿತಾಯಕ್ಕೆ ಹಾಕಬೇಡಿ. ಸ್ವಲ್ಪ ಹಣ್ಣಿಗೆ, ಒಳ್ಳೆ ಮೊಸರಿಗೆ ಹೋಗಲಿ.

ಬೀಗರು ಬಂದಾಗ, ಜಾತ್ರೆ-ಹಬ್ಬದಲ್ಲಿ?

ಮಾಡಿ, ಹಾಕಿ, ತಿನ್ನಿ. ಮನೆಗೆ ಬಂದವರ ಮುಂದೆ ನಮ್ಮ ಬುಧವಾರದ ಮಾತೇ ಬೇಡ. ಊರಿಗೆ ಹೋದಾಗ ಪ್ರೀತಿಯಿಂದ ಕೊಯ್ದು ಮಾಡಿದ್ದನ್ನು ಬೇಡ ಎನ್ನುವುದು ಸರಿಯಲ್ಲ.

ಹೊರಗೆ ಊಟಕ್ಕೆ ಹೋದರೆ?

ನಮ್ಮ ಊರಿನ ಲಿಂಗಾಯತ ಖಾನಾವಳಿಗಳಿಗೆ ಹೋಗಿ. ರೊಟ್ಟಿ, ಎರಡು ಬಗೆ ಪಲ್ಯ, ಕಾಳು, ಚಟ್ನಿ, ಹಸಿ ತಪ್ಪಲು, ಮೊಸರು. ಹೊಟ್ಟೆ ತುಂಬುತ್ತದೆ. ನಾನಂತೂ ತಿನ್ನುವಾಗ ಏನು ಹಾಕಿದ್ದಾರೆ ಎಂದು ನೋಡಿಕೊಂಡು ಬರುತ್ತೇನೆ. ಮಡಕಿ ಪಲ್ಯಕ್ಕೆ ಕೊನೆಗೆ ಶೇಂಗಾ ಪುಡಿ ಉದುರಿಸುವುದನ್ನು ಅಲ್ಲೇ ಕಲಿತೆ. ಮಾಂಸ ತಿನ್ನುವ ದಿನ ಸಾವಜಿ ಊಟಕ್ಕೆ ಹೋಗುವುದನ್ನೂ ನಾವು ಬಿಟ್ಟಿಲ್ಲ.

ಶುಗರ್, ಕಿಡ್ನಿ ತೊಂದರೆ ಇರುವವರು, ಬಸುರಿಯರು?

ಡಾಕ್ಟರನ್ನು ಕೇಳದೆ ಏನನ್ನೂ ಬದಲಿಸಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಕಾಳು, ಕೆಲವು ತಪ್ಪಲು ಕೂಡ ಅಳತೆ ಮಾಡಿಯೇ ತಿನ್ನಬೇಕಾಗಬಹುದು. ಶುಗರ್ ಇರುವವರಿಗೆ ಕಾಳು ಒಳ್ಳೆಯದೇ, ಆದರೆ ಮಾಂಸ ಬಿಟ್ಟು ಅನ್ನ ಜಾಸ್ತಿ ಮಾಡಿಕೊಂಡರೆ ಕೆಡುತ್ತದೆ.

ನಡುವೆ ತಪ್ಪಿ ಮತ್ತೆ ಹಳೇ ರೂಢಿಗೆ ಬಿದ್ದರೆ?

ಬೀಳುತ್ತೀರಿ. ಕಳೆದ ತಿಂಗಳು ನಮ್ಮ ಮನೆಗೆ ನೆಂಟರು ಬಂದರು, ಅವರು ಹೋದ ಮೇಲೆ ನನಗೆ ಜ್ವರ ಬಂತು. ಹದಿನೈದು ದಿನ ಮನೆಯವರು, ಮಗ ಏನು ಸಿಕ್ಕಿತೋ ಅದನ್ನು ತಂದು ಮಾಡಿದರು. ಕ್ಯಾಲೆಂಡರಿನಲ್ಲಿ ಹದಿಮೂರು ಕೆಂಪು ಚುಕ್ಕೆ. ಅದನ್ನು ನೋಡಿ ಬೇಜಾರಾಗಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ ಎಂದು ಮಲಗಿದ್ದೆ. ಅದು ಸೋಮವಾರ ರಾತ್ರಿ. ಅಡುಗೆ ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ, ಆಮೇಲೆ ಸ್ಟೀಲ್ ಬೋಗುಣಿಗೆ ಕಾಳು ಸುರಿದ ಸಪ್ಪಳ ಕೇಳಿಸಿತು. ಅತ್ತೆ ಬುಧವಾರಕ್ಕೆ ಮಡಕಿ ನೆನೆಹಾಕುತ್ತಿದ್ದರು.